ಟಿವಿಯೊಳಗಿನ ಶೀನಣ್ಣ

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್‌ಗೆ ಹೊಸ ಅಪ್‌ಡೇಟ್ ಹಾಕಿದೆ, ಅದು ಮೂಕವಾಯಿತು. ಲಿನಕ್ಸ್ ಬಳಸುವವರಿಗೆ ಇದೇನೂ ಹೊಸದಲ್ಲ. ಬಳಸದವರಿಗೆ ಹೇಳುತ್ತೇನೆ: ಅದು ಕಂಪ್ಯೂಟರನ್ನು ನಡೆಸುವ, ಬಿಟ್ಟಿ ಸಿಗುವ ಸಾಫ್ಟ್‌ವೇರು. ಬದಲಿಗೆ ನಮ್ಮ ಭಾನುವಾರಗಳನ್ನು ತೆಗೆದುಕೊಳ್ಳುತ್ತದೆ. ಕುರ್ಚಿ ಎಳೆದುಕೊಂಡು ಕೂತೆ, ಶೀನಣ್ಣ ನೆನಪಾದ.

ಮೈಸೂರಿನಿಂದ ಈ ತಮಿಳು ಊರಿಗೆ ಬಂದ ಹೊಸತರಲ್ಲಿ, ಕನ್ನಡ ಕೇಳಬೇಕೆನಿಸಿದಾಗೆಲ್ಲ ಅಣ್ಣಾ ನಗರದ ನಮ್ಮ ಬೀದಿಯ ಭಟ್ಟರ ಹೋಟೆಲಿಗೆ ಹೋಗುತ್ತಿದ್ದೆ. ಇಡ್ಲಿ ಬರೀ ನೆಪ. ಭಟ್ಟರು ಕುಂದಾಪುರದ ಕಡೆಯವರು. ಅಲ್ಲಿ ಆರ್ಡರ್ ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ನಿಂತು ಸಪ್ಲೈಯರ್ ಶೀನಣ್ಣ "ರೆಂಡು ಮಸಾಲಾ, ಒರು ನೆಯ್ ರೋಸ್ಟ್!" ಎಂದು ತಮಿಳಿನಲ್ಲಿ ಎರಡು ಮಸಾಲೆ, ಒಂದು ತುಪ್ಪದ ದೋಸೆ ಕೂಗಿದರೆ ಸಾಕು, ಒಳಗಿನ ತಮಿಳು ಮಾಸ್ಟರ್ ತಲೆ ಎತ್ತದೆ ಕಾವಲಿಗೆ ಹಿಟ್ಟು ಹುಯ್ಯುತ್ತಿದ್ದ. ಬೀದಿಯ ತುದಿಯಲ್ಲಿ ನಿಂತರೂ ಯಾರು ಏನು ತಿನ್ನುತ್ತಿದ್ದಾರೆಂದು ಗೊತ್ತಾಗುತ್ತಿತ್ತು.

ಹೀಗಿರುವಾಗ ಶೀನಣ್ಣನ ಗಂಟಲಲ್ಲಿ ಸಣ್ಣ ಗಂಟು ಕಂಡಿತು. ಆಪರೇಷನ್, ಆಮೇಲೆ ಮೂರು ತಿಂಗಳು ಮಾತಾಡಕೂಡದು ಎಂದರು ಡಾಕ್ಟರು. "ಅಷ್ಟು ದಿನ ಊರಲ್ಲಿ ಇದ್ದು ಬಾ ಮಾರಾಯ," ಎಂದರು ಭಟ್ಟರು, ಒಳ್ಳೆಯ ಮನಸ್ಸಿನಿಂದಲೇ. ಶೀನಣ್ಣನ ಮುಖ ಸಣ್ಣದಾಯಿತು.

"ಹಾಗೆ ಹೋದವ್ರು ಯಾರೂ ವಾಪಸ್ ಬರ್ಲಿಲ್ಲ ಮೇಡಂ. ಕಿಟಕಿಗೆ ಬೇರೆಯವ ಬರ್ತಾನೆ," ಎಂದ ನನ್ನ ಹತ್ತಿರ.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಿಮ್ಮ ದನಿ ರೆಕಾರ್ಡ್ ಮಾಡ್ಕೋತೀನಿ. ನೀವು ಬಟನ್ ಒತ್ತಿ, ಕಂಪ್ಯೂಟರ್ ಕೂಗುತ್ತೆ," ಎಂದುಬಿಟ್ಟೆ. ಆಪರೇಷನ್ನಿಗೆ ಮುಂಚೆ ಮೆನುವಿನ ತಿಂಡಿಗಳೂ ಮಾಮೂಲಿ ಕೂಗುಗಳೂ ಅವನ ದನಿಯಲ್ಲಿ ನನ್ನ ಫೋನು ಸೇರಿದವು. ಆಪರೇಷನ್ ಮುಗಿಸಿ ಅವನು ಬಂದ ಮೇಲೆ ಭಟ್ಟರು ಒಂದೇ ಷರತ್ತು ಹಾಕಿದರು: "ಸೋಮವಾರದ ರೈಲಿಗೆ ಅವನ ಟಿಕೆಟ್ ಆಗಿದೆ. ಭಾನುವಾರ ಸಂಜೆ ಒಳಗೆ ನಿಮ್ಮ ಕಂಪ್ಯೂಟರ್ ಕೂಗಿದ್ರೆ ಅವ ಇರಲಿ."

ಭಾನುವಾರ ಮಧ್ಯಾಹ್ನ ಮೂರಕ್ಕೆ, ಹಾಲ್ ಖಾಲಿಯಾದಾಗ, ಭಟ್ಟರ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಫೋನಿನಲ್ಲಿದ್ದ ಶೀನಣ್ಣನ ದನಿಯನ್ನು ಅದಕ್ಕೆ ತುಂಬಿಸಿದೆ. ಅದಕ್ಕೆ ಪರದೆ ಇರಲಿಲ್ಲ, ಹಾಲ್‌ನ ಟಿವಿಗೇ ಕೇಬಲ್ ಸಿಕ್ಕಿಸಿದೆ. ಮನೆಯಿಂದ ತಂದ ಸ್ಪೀಕರ್ ಜೋಡಿಸಿದೆ. ಬಟನ್ ಒತ್ತಿದೆ. ಪಿಟ್ಟೆನ್ನಲಿಲ್ಲ.

ಡ್ರೈವರ್ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಸ್ಪೀಕರಿಗೆ ಮುಟ್ಟಿಸುವ ಪ್ರೋಗ್ರಾಮು, ಒಂದು ಲೆಕ್ಕದಲ್ಲಿ ಶೀನಣ್ಣನ ಕೆಲಸವೇ. ತೆಗೆದೆ, ಮತ್ತೆ ಹಾಕಿದೆ. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದನ್ನೆಲ್ಲ, ಅರ್ಥವಾದದ್ದನ್ನೂ ಆಗದ್ದನ್ನೂ, ಟೈಪ್ ಮಾಡಿದೆ. ಶೀನಣ್ಣ ಪಕ್ಕದಲ್ಲಿ ನಿಂತು ಟಿವಿಯತ್ತ ಕೈ ತೋರಿಸುತ್ತಲೇ ಇದ್ದ.

"ಮ್ಯಾಚ್ ಆಮೇಲೆ ನೋಡೋಣ, ಸ್ವಲ್ಪ ಸುಮ್ನಿರಿ ಶೀನಣ್ಣ!" ಎಂದು ರೇಗಿದೆ. ಮಾತಾಡಲಾಗದವನಿಗೆ ಸುಮ್ಮನಿರಿ ಎಂದವಳು ನಾನು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಐದಾಯಿತು. ಭಟ್ಟರು ಗಡಿಯಾರ ನೋಡಿದರು. ಆಗ ಶೀನಣ್ಣ ಒಂದು ಚೀಟಿಯಲ್ಲಿ ಬರೆದು ನನ್ನ ಮುಂದಿಟ್ಟ: "ಚಿತ್ರ ಟಿವಿಗೆ ಹೋಗ್ತದೆ. ಸ್ವರವೂ ಅಲ್ಲಿಗೇ ಹೋಗಿರ್ಬೇಕಲ್ಲ?"

ಆಮೇಲೆ ಅವನೇ ಗಲ್ಲಾದ ಮೇಲಿದ್ದ ಗಣಪತಿಯ ಪಟದ ಹಿಂದಿನಿಂದ ರಿಮೋಟ್ ತೆಗೆದ. ಟಿವಿಗೆ ಸದ್ದಿದ್ದರೆ ಗಿರಾಕಿಗಳು ಕಾಫಿ ಮುಗಿದರೂ ಏಳುವುದಿಲ್ಲವೆಂದು ಭಟ್ಟರ ಕಟ್ಟಪ್ಪಣೆ. ದಿನಾ ಬೆಳಿಗ್ಗೆ ಟಿವಿ ಹಾಕಿ ಸದ್ದನ್ನು ಸೊನ್ನೆಗೆ ಇಳಿಸುತ್ತಿದ್ದವನು ಶೀನಣ್ಣನೇ. ಈಗ ಅವನೇ ಅದನ್ನು ಏರಿಸಿದ. ನಾನು ಬಟನ್ ಒತ್ತಿದೆ.

"ರೆಂಡು ಮಸಾಲಾ, ಒರು ನೆಯ್ ರೋಸ್ಟ್!"

ಒಳಗಿದ್ದ ಮಾಸ್ಟರ್ ತಲೆ ಎತ್ತದೆ ಹಿಟ್ಟು ಹುಯ್ದ. ಚುರ್ ಎಂಬ ಸದ್ದು ಕೇಳಿ ಶೀನಣ್ಣ ಬಾಯಿಗೆ ಎರಡೂ ಕೈ ಅಡ್ಡ ಹಿಡಿದ, ಅವನ ಕಣ್ಣು ತುಂಬಿತ್ತು. "ಹುಯ್ದ ದೋಸೆ ಬಿಸಾಡ್ಲಿಕ್ಕೆ ಉಂಟಾ? ತಿನ್ನಿ," ಎಂದರು ಭಟ್ಟರು. ಊರಿನ ಮಾತು ಮತ್ತೆ ಎತ್ತಲಿಲ್ಲ.

ಮೂರು ತಿಂಗಳಿಗೆ ದನಿ ಮರಳಿತು, ಒಡಕು ದನಿ. "ಇನ್ನು ಅದನ್ನು ಅಳಿಸಿಬಿಡಿ ಮೇಡಂ, ನಾನೇ ಉಂಟಲ್ಲ," ಎಂದ. ಹೂಂ ಎಂದೆ. ಅಳಿಸಲಿಲ್ಲ.

ಇವತ್ತು ಡ್ರೈವರನ್ನು ಮುಟ್ಟುವ ಮೊದಲು ಸದ್ದು ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದೆ. ಸ್ಪೀಕರೇ ಇಲ್ಲದ ಮಾನಿಟರಿಗೆ ಹೋಗುತ್ತಿತ್ತು. ಬದಲಾಯಿಸಿ, ಪರೀಕ್ಷೆಗೆಂದು ಎಂದಿನಂತೆ ಶೀನಣ್ಣನನ್ನೇ ಒತ್ತಿದೆ. ತುಂಬುಗಂಟಲಿನಲ್ಲಿ ಕೂಗಿದ. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವ ನನ್ನ ಮಗಳು ಕೋಣೆಯಿಂದ, "ಅಮ್ಮಾ, ಎನಕ್ಕುಂ ಒಣ್ಣು!" ಎಂದಳು, ತನಗೂ ಒಂದು ಎಂದು.

ಅವನ ದನಿ ಬೇಕೆಂದಾಗ ಹೀಗೆ ಒತ್ತಿ ಕೇಳುವುದು ಅಭ್ಯಾಸವಾಗಿ, ಎರಡು ಬೀದಿ ಆಚೆ ಮನೆ ಬದಲಿಸಿದ ಮೇಲೆ ನಾನು ಹೋಟೆಲಿಗೆ ಹೋಗುವುದನ್ನೇ ಬಿಟ್ಟಿದ್ದೆ. ಲ್ಯಾಪ್‌ಟಾಪ್ ಮುಚ್ಚಿದೆ.

"ಚಪ್ಪಲಿ ಹಾಕ್ಕೋ," ಎಂದೆ ಮಗಳಿಗೆ. ಆ ಒಡಕು ದನಿ ಕೇಳಿ ಐದು ತಿಂಗಳಾಗಿತ್ತು.