ಪಕ್ಕದ ಬೆಡ್‌ನಲ್ಲಿದ್ದ ಫಿಲೋಮಿನಾ ಮೇಡಂ

ಬೆಳಿಗ್ಗೆ ಹಳೇ ಸ್ಟಾಫ್ ಗ್ರೂಪಿನಲ್ಲಿ ಫಿಲೋಮಿನಾ ಇನ್ನಿಲ್ಲ ಅನ್ನುವ ಮೆಸೇಜ್ ನೋಡಿದೆ...
ಬೇರೆ ಯಾರೋ ಫಿಲೋಮಿನಾ ಇರಬೇಕು ಅಂದುಕೊಂಡೆ.
ಫೋಟೋ ದೊಡ್ಡದು ಮಾಡಿ ನೋಡಿದೆ...
ನಮ್ಮ ಮೇಡಮ್ಮೇ.

ಹೋದ ಭಾನುವಾರ ಬೆಟ್ಟಕ್ಕೆ ಹೋಗುವಾಗ ಕೌದಳ್ಳಿಯಲ್ಲಿ ನಿಲ್ಲಿಸಿ ಟೀ ಕುಡಿದಿದ್ದೆ.
ಅಲ್ಲಿಂದ ರಾಮಾಪುರದ ಅವರ ಮನೆ ದೂರವೇನಲ್ಲ.
ಬರುವಾಗ ನೋಡಿಕೊಂಡು ಹೋಗೋಣ ಅಂದುಕೊಂಡೆ...
ಬರುವಾಗ ಮೋಡ ಕವಿದಿತ್ತು. ಸೀದಾ ಯಳಂದೂರಿಗೆ ಬಂದುಬಿಟ್ಟೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹನೂರಿನ ಶಾಲೆಯಲ್ಲಿ ನಾವು ಸಹೋದ್ಯೋಗಿಗಳು. ಅವರು ಗಣಿತ, ನಾನು ಕನ್ನಡ.
ಎರಡೂ ಕಿಡ್ನಿ ಕೈಕೊಟ್ಟಾಗ ಅವರಿಗೆ ನಲವತ್ತೊಂದು.
ವಾರಕ್ಕೆ ಎರಡು ಸಲ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಯಾಲಿಸಿಸ್...
ಆದರೂ ಊಟಕ್ಕೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸುವುದನ್ನು ಬಿಡಲಿಲ್ಲ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೇಳಿಬಿಟ್ಟೆ.
"ಇಷ್ಟೆಲ್ಲ ಬೇಡ್ಕತೀರಲ್ಲ ಮೇಡಂ, ನಿಮ್ ಯೇಸಪ್ಪ ನಿಮ್ಗೆ ಕೊಟ್ಟಿದ್ದು ಇದೇನಾ?"
ಒಂದಿಬ್ಬರು ನಕ್ಕರು.
ಅವರು ಅರ್ಧ ಊಟದಲ್ಲೇ ಡಬ್ಬಿ ಮುಚ್ಚಿ ಕ್ಲಾಸಿಗೆ ಹೋದರು...

ಮುಂದಿನ ವರ್ಷ ಮುಳ್ಳೂರಿನಲ್ಲಿದ್ದ ನಮ್ಮ ಅಪ್ಪನಿಗೂ ಅದೇ ಕಾಯಿಲೆ. ಅದೇ ಆಸ್ಪತ್ರೆ.
ದಪ್ಪ ಸೂಜಿ ನೋಡಿ ಅಪ್ಪ ಕೈ ಎಳೆದುಕೊಂಡರು.
"ನಂಗ್ ಬ್ಯಾಡ ಕಣ್ಲಾ... ಸತ್ರೆ ಮನೇಲೇ ಸಾಯ್ತೀನಿ. ನಡಿ ಓಗವ."
ಪಕ್ಕದ ಬೆಡ್‌ನಿಂದ ದನಿ ಬಂತು.
"ಅಪ್ಪಾಜಿ, ನನ್ ಕೈ ನೋಡಿ. ಎರಡ್ ವರ್ಸದಿಂದ ಚುಚ್ಚುಸ್ಕತಾ ಇವ್ನಿ. ನೋವಾಯ್ತದೆ, ಸುಳ್ಳೇಳಲ್ಲ. ನೀವ್ ನಿಮ್ ಶಿವನ್ನ ನೆನೀರಿ, ನಾನ್ ನಮ್ ಯೇಸಪ್ಪನ್ನ ನೆನೀತೀನಿ. ಇಬ್ರೂ ಒಟ್ಗೇ ಮುಗ್ಸವ."
ಫಿಲೋಮಿನಾ ಮೇಡಂ.
ಅಪ್ಪ ಕೈ ಚಾಚಿದರು.

ಆಮೇಲೆ ಅಪ್ಪನ ಸರದಿಯ ದಿನಗಳಿಗೇ ತಮ್ಮ ಸರದಿಯನ್ನೂ ಬದಲಾಯಿಸಿಕೊಂಡರು.
ಅಪ್ಪನಿಗೊಬ್ಬರಿಗೇ ಅಲ್ಲ... ಕನ್ನಡ ಬಾರದ ತಮಿಳು ಹೆಂಗಸರು ಗಾಬರಿಯಾದರೆ ಅವರ ಭಾಷೆಯಲ್ಲೇ ಧೈರ್ಯ ಹೇಳುತ್ತಿದ್ದರು.
ತಮಗೇ ವಾಂತಿಯಾಗುತ್ತಿದ್ದ ದಿನಗಳಲ್ಲೂ.

ಒಮ್ಮೆ ಕಾರಿಡಾರಿನಲ್ಲಿ ಕೂತಿದ್ದಾಗ ಅವರಾಗಿಯೇ ಹೇಳಿದರು.
"ಅವತ್ತು ನೀವು ಕೇಳಿದ್ರಲ್ಲ ಸಾ, ಅದ್ಕೂ ಮೊದ್ಲೇ ನಾನೇ ಯೇಸಪ್ಪನ ಜೊತೆ ಜಗ್ಳಾಡಿದ್ದೆ, ಯಾಕ್ ಕೊಟ್ಟೆ ಅಂತ. ಉತ್ರ ಬರ್ನಿಲ್ಲ. ಆಮೇಲೆ, ಇದ್ನ ಇಟ್ಕಂಡ್ ಏನ್ಮಾಡ್ಲಿ ಅಂತ ಕೇಳ್ದೆ... ಪಕ್ಕದ್ ಬೆಡ್ ತೋರ್ಸ್ದ. ಶಿಲುಬೆ ಹೊತ್ಕಂಡ್ ಹೋಗುವಾಗ ಅವ್ನಿಗೂ ದಾರೀಲಿ ಒಬ್ರು ಹೆಗ್ಲು ಕೊಟ್ರಲ್ವಾ."
ಆಗಲೂ ನಾನು ತಲೆ ತಗ್ಗಿಸಿದೆ, ಅಷ್ಟೇ.

ಅಕ್ಕಾ...
ಯಾವಾಗಲೂ ಮೇಡಂ ಅನ್ನುತ್ತಿದ್ದೆ. ಇವತ್ತು ಅಕ್ಕ ಅನ್ನಬೇಕು ಅನಿಸುತ್ತಿದೆ.
ನಿಮ್ಮಿಂದ ಅಪ್ಪ ಹದಿನಾಲ್ಕು ತಿಂಗಳು ಬದುಕಿದರು. ಮೊಮ್ಮಗಳಿಗೆ ಹೆಸರಿಟ್ಟರು.
ಅವರು ಹೋದ ದಿನ ಮುಳ್ಳೂರಿಗೆ ಬಂದು, ಸುಸ್ತಾಗಿ ಗೋಡೆ ಹಿಡಿದು ನಿಂತಿದ್ದಿರಿ.
ತಪ್ಪಾಯಿತು ಅನ್ನುವ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ.
ಯಳಂದೂರಿಗೆ ಟ್ರಾನ್ಸ್‌ಫರ್ ಆಗಿ ಮೂರು ವರ್ಷ...
ಫೋನಿನಲ್ಲಿ ಹೇಳುವುದಲ್ಲ, ಎದುರಿಗೇ ಹೇಳೋಣ ಅಂತ ಮುಂದೂಡುತ್ತಲೇ ಬಂದೆ.

ಈಗ ತಾನೇ ನಿಮ್ಮ ಯಜಮಾನರಿಗೆ ಫೋನ್ ಮಾಡಿದ್ದೆ.
ತಡೆಯಲಾಗದೆ ಸ್ಟಾಫ್ ರೂಮಿನ ಆ ಮಾತನ್ನು ಅವರ ಹತ್ತಿರವೇ ಹೇಳಿಕೊಂಡೆ.
"ಅದ್ನ ಅವ್ಳು ನನ್ತಾವ್ ಯಾವತ್ತೂ ಏಳ್ನಿಲ್ಲ ಸಾ" ಅಂದರು.
"ನಿಮ್ಮಪ್ಪಾಜಿ ಎಸ್ರು ಮಾತ್ರ ಗೊತ್ತು. ಸತ್ತೋರ ದಿನದ್ ಪೂಜೇಲಿ ಓದ್ಲಿ ಅಂತ ವರ್ಸಾ ವರ್ಸಾ ಚರ್ಚಿಗೆ ಚೀಟಿ ಬರ್ದು ಕೊಡೋಳು. ಅವ್ರಪ್ಪನ್ ಎಸ್ರು, ಅವ್ರಮ್ಮನ್ ಎಸ್ರು... ಆಮೇಲೆ ಮುಳ್ಳೂರು ಬಸಪ್ಪ."

ಅಕ್ಕಾ...
ನಾಳೆ ರಾಮಾಪುರಕ್ಕೆ ಬರುತ್ತೇನೆ. ತಡ ಮಾಡಿಬಿಟ್ಟೆ.

ನೀವು ನಂಬಿದವನ ಮಡಿಲಲ್ಲಿ ನಿಮ್ಮ ಆತ್ಮ ನೋವಿಲ್ಲದೆ ತಣ್ಣಗಿರಲಿ.
ಹೋಗಿ ಬನ್ನಿ...