ಗುರು ಗಾಡಿ ಹತ್ತುವುದಿಲ್ಲ

ಮೊಣಕಾಲು ನೋವಿಗೆ ಔಷಧಿ ತೆಗೆದುಕೊಂಡು ಹೋಗುತ್ತೇನೆ ಎಂದು ನಮ್ಮ ದೊಡ್ಡಪ್ಪ ಹದಿನೈದು ದಿನದ ಮಟ್ಟಿಗೆ ಹೊಸದುರ್ಗದ ನಮ್ಮ ಮನೆಗೆ ಬಂದ. ಈಗ ನಾಲ್ಕನೇ ವರ್ಷ. ಮೊಣಕಾಲು ಹೇಗಿತ್ತೋ ಹಾಗೇ ಇದೆ. ಮತ್ತೋಡಿನ ಹತ್ತಿರದ ಹಟ್ಟಿಯಲ್ಲಿ ಅವನಿಗೆ ಮನೆಯಿದೆ, ಕುರಿ ನೋಡಿಕೊಳ್ಳುವ ಮಗನಿದ್ದಾನೆ, ಬಾ ಬಾ ಎಂದು ಫೋನು ಮಾಡಿಸುವ ಸೊಸೆಯಿದ್ದಾಳೆ. ಆದರೂ ಹೋಗಲಿಲ್ಲ. ನನ್ನ ಮೇಲಿನ ಪ್ರೀತಿಗೇ ಉಳಿದಿದ್ದಾನೆ ಎಂದು ನಾನು ಸ್ವಲ್ಪ ದಿನ ಉಬ್ಬಿದ್ದೆ. ಆಮೇಲೆ ಗೊತ್ತಾಯಿತು, ಅವನನ್ನು ಹಿಡಿದು ಹಾಕಿದ್ದು ನನ್ನ ಮಗಳು ದಿನಾ ಸಂಜೆ ನೋಡುವ ಕಾರ್ಟೂನು.

ಅದೊಂದು ಅಂತರಿಕ್ಷದ ಕಥೆ, ಕನ್ನಡದಲ್ಲೇ ಮಾತಾಡುತ್ತದೆ. ನಕ್ಷತ್ರಗಳ ನಡುವೆ ಹಡಗು ಹಾರಿಸುವ ಒಬ್ಬ ಹುಡುಗಿ, ಅವಳ ಬೆನ್ನು ಹತ್ತಿದ ಕತ್ತಲೆಯ ಪಡೆ, ಅವಳಿಗೆ ವಿದ್ಯೆ ಕಲಿಸುವ ಒಬ್ಬ ಮುದುಕ ಗುರು. ಗುರುವಿಗೆ ಟಗರಿನ ಹಾಗೆ ಎರಡು ಸುರುಳಿ ಕೊಂಬು, ಮೊಣಕಾಲು ಮುಟ್ಟುವ ಗಡ್ಡ, ಹೆಗಲ ಮೇಲೆ ಕಪ್ಪು ಹೊದಿಕೆ, ಕೈಯಲ್ಲಿ ಕೋಲು. ಮಗಳ ಸ್ಕೂಲ್ ಬ್ಯಾಗಿನ ಮೇಲೆ ಅವನೇ, ಟಿಫಿನ್ ಬಾಕ್ಸಿನ ಮೇಲೂ ಅವನೇ. ಬಸ್ ಸ್ಟ್ಯಾಂಡಿನ ಅಂಗಡಿಗೆ ಅವನ ಮುಖವಿರುವ ಚಪ್ಪಲಿ ಕೂಡ ಬಂದಿತ್ತು. ಗುರುವನ್ನು ತುಳಿಯುವುದುಂಟೇ ಎಂದು ದೊಡ್ಡಪ್ಪ ಕೊಡಿಸಲು ಬಿಡಲಿಲ್ಲ.

ಮೊದಲ ದಿನ ನೋಡಿದವನೇ ತೀರ್ಪು ಕೊಟ್ಟಿದ್ದ. "ಇವನು ನಮ್ ಕಡೆಯೋನೇ ಕಣವ್ವ. ಕಂಬಳಿ ಹೊದ್ದಿರೋದು ನೋಡು, ಬಲಗೈ ಹೊರಗೈತೆ. ಕುರಿ ಕಾಯ್ದೋನಿಗಷ್ಟೇ ಹಂಗೆ ಹೊದಿಯಕೆ ಬರೋದು."

"ತಾತ, ಅವರು ನಕ್ಷತ್ರ ಕಾಯ್ತಾರೆ," ಎಂದಳು ಮಗಳು.

"ಏನೋ ಒಂದು ಕಾಯ್ತಾನಲ್ಲ! ಆದ್ರೆ ನಾಯಿ ಎಲ್ಲೈತೆ? ನಾಯಿ ಇಲ್ದೆ ಅದೆಂಥ ಕಾಯೋದು?"

ಹೀಗೆ ಟೀವಿಯಿಂದ ಒಂದೇ ಮೊಳ ದೂರದಲ್ಲಿ ಮಣೆ ಹಾಕಿಕೊಂಡು ದಿನಾ ವಿಮರ್ಶೆ ನಡೆಯುತ್ತಿತ್ತು. ನಮ್ಮನೆಯವರು, "ಮಾವ, ಸ್ವಲ್ಪ ಹಿಂದೆ ಕುಂತ್ಕಳ್ರಿ, ಕಣ್ಣು ಹಾಳಾಗ್ತವೆ," ಎಂದರೆ, "ಹತ್ರ ಕುಂತ್ರೆ ಗುರುವಿನ ಮಾತು ಚೆನ್ನಾಗಿ ಕಿವಿಗೆ ಬೀಳ್ತೈತೆ ಅಳಿಯಂದ್ರೇ," ಎನ್ನುತ್ತಿದ್ದ. ನಮಗೆ ಮಾತ್ರ ಟೀವಿಯ ಬದಲು ಅವನ ಬೆನ್ನು ಕಾಣುತ್ತಿತ್ತು.

ಆ ಗುರುವಿನದೊಂದು ವಿಚಿತ್ರವಿತ್ತು. ಹಡಗು ಹಾರಿಸುವುದನ್ನು ಕಲಿಸುತ್ತಾನೆ, ತಾನು ಮಾತ್ರ ಒಂದು ಸಲವೂ ಹತ್ತುವುದಿಲ್ಲ. ಕೆಳಗೆ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತು, ಹಡಗಿನ ಸದ್ದು ಕೇಳಿಯೇ ತಪ್ಪು ಹೇಳುತ್ತಾನೆ. ಗುರು ಯಾಕೆ ಹತ್ತುವುದಿಲ್ಲ ಎಂದು ಮಗಳು ಕೇಳಿದ್ದಕ್ಕೆ ದೊಡ್ಡಪ್ಪ ಮೀಸೆ ನೀವಿಕೊಂಡು, "ಗುರು ಆದೋನು ಗಾಡಿ ಹತ್ತಬಾರ್ದಮ್ಮ. ಹತ್ತಿದ್ರೆ ಶಿಷ್ಯರು ಕಲಿಯಲ್ಲ," ಎಂದ. ಈ ವೇದಾಂತ ನನ್ನ ತಲೆಗೇ ಬಂದು ಕೂರುತ್ತದೆ ಎಂದು ಆಗ ನನಗೇನು ಗೊತ್ತು?

ನಾನು ಸರ್ಕಾರಿ ಶಾಲೆಯ ಟೀಚರು. ಆ ಬೇಸಿಗೆಯಲ್ಲಿ ನನಗೆ ವರ್ಗವಾಯಿತು, ಮನೆ ಪಕ್ಕದ ಶಾಲೆಯಿಂದ ಮತ್ತೋಡಿನ ಆಚೆಯ ಒಂದು ಹಳ್ಳಿಗೆ. ಬೆಳಗಿನ ಬಸ್ಸು ಪ್ರಾರ್ಥನೆ ಮುಗಿದು ಒಂದು ಗಂಟೆಯಾದ ಮೇಲೆ ಅಲ್ಲಿ ಮುಟ್ಟುತ್ತದೆ. ಸಂಜೆಯ ಬಸ್ಸು ಬಂದರೆ ಬಂತು. ಜೂನ್ ಒಳಗೆ ಸ್ಕೂಟರ್ ಕಲಿಯಬೇಕು, ಇಲ್ಲವೇ ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರಕ್ಕೊಮ್ಮೆ ಮನೆಗೆ ಬರಬೇಕು. ಮಗಳಿಗೆ ಎಂಟು ವರ್ಷ. ಅವಳ ತಲೆಗೆ ನನ್ನದಲ್ಲದ ಕೈ ತಾಕಿದರೆ ಬೀದಿಗೆ ಕೇಳುವಂತೆ ಕೂಗುವವಳು. ರೂಮಿನ ಮಾತು ಕಿವಿಗೆ ಬಿದ್ದ ದಿನ ಮಾತ್ರ ಬಾಚಣಿಗೆ ಹಿಡಿದುಕೊಂಡು ಬಂದು, "ನಾನೇ ಜಡೆ ಹಾಕ್ಕಳೋದು ಕಲೀತೀನಿ ಬಿಡಮ್ಮ," ಎಂದಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಮಾಧಾನದ ಮಾತು ಕೇಳಿ ನನಗೇ ಅಳು ಬಂತು.

ಆದರೆ ಸ್ಕೂಟರ್ ಎಂದರೆ ನನಗೆ ಯಮ. ಕಾಲೇಜಿನಲ್ಲಿದ್ದಾಗ ಗೆಳತಿಯ ಗಾಡಿ ಇಸಿದುಕೊಂಡು ನೆಟ್ಟಗೆ ಹೋಗಿ ಕಬ್ಬಿನ ಹಾಲಿನ ಗಾಡಿಗೆ ಗುದ್ದಿದವಳು ನಾನು. ಅಂದಿನಿಂದ ಹ್ಯಾಂಡಲ್ ಹಿಡಿದರೆ ಕೈ ನಡುಗುತ್ತಿತ್ತು. ನಮ್ಮನೆಯವರು ಎರಡು ದಿನ ಕಲಿಸಿದರು. ಬ್ರೇಕ್ ಹಿಡಿ ಎಂದು ಅವರು ಕೂಗಿದಷ್ಟೂ ನಾನು ಆಕ್ಸಿಲರೇಟರ್ ತಿರುವಿದೆ. ಮೂರನೆಯ ದಿನಕ್ಕೆ ಗಂಡ ಹೆಂಡತಿ ಮಾತು ಬಿಟ್ಟಾಗಿತ್ತು.

ಆಗ ದೊಡ್ಡಪ್ಪ ಕೋಲು ಊರಿ ಎದ್ದು ನಿಂತ. "ನಾಳೆಯಿಂದ ನಾನು ಕಲಿಸ್ತೀನಿ."

"ನಿಂಗೆ ಗಾಡಿ ಬಿಡಕೆ ಬರ್ತೈತಾ ದೊಡ್ಡಪ್ಪ?"

"ಆ ಕೊಂಬಿನ ಗುರೂಗೆ ಬರ್ತೈತಾ?"

ಇದಕ್ಕೆ ಏನು ಹೇಳುತ್ತೀರಿ? ಗಾಡಿಯ ಕೀಲಿ ಹುಡುಕಿದೆ.

ಮರುದಿನ ಊರಾಚೆಯ ಮೈದಾನದಲ್ಲಿ ಅವನು ಚೀಲದಿಂದ ಒಂದು ಹಿತ್ತಾಳೆಯ ಗಂಟೆ ತೆಗೆದ. ಅವನ ಮಂದೆಯ ಮುಂದೆ ನಡೆಯುತ್ತಿದ್ದ ಹೋತದ ಕೊರಳಲ್ಲಿ ಇದ್ದದ್ದು. ಹೋತ ಸತ್ತ ಮೇಲೆ ಗಂಟೆಯನ್ನು ತನ್ನ ಜೊತೆಗೇ ಇಟ್ಟುಕೊಂಡಿದ್ದ. ಮುಂದಾಳಿನ ಕೊರಳಲ್ಲಿ ಗಂಟೆಯಿದ್ದರೆ ಕಾಯುವವನು ಬಂಡೆಗೆ ಒರಗಿ ಕೂತರೂ ಮಂದೆ ಎಲ್ಲಿದೆ, ಮೇಯುತ್ತಿದೆಯೋ ಬೆದರಿ ಓಡುತ್ತಿದೆಯೋ ತಿಳಿಯುತ್ತದೆ. ಅದನ್ನು ನನ್ನ ಸ್ಕೂಟರಿನ ಹ್ಯಾಂಡಲ್‌ಗೆ ಬಿಗಿಯಾಗಿ ಕಟ್ಟಿದ. ಆಮೇಲೆ ಬೇವಿನ ಮರದ ಕೆಳಗೆ ಕಂಬಳಿ ಹೊದ್ದು, ಬಲಗೈ ಹೊರಗಿಟ್ಟು, ಕಣ್ಣು ಮುಚ್ಚಿ ಕೂತ. ಥೇಟ್ ಗುರು, ಕೊಂಬೊಂದು ಕಡಿಮೆ.

"ಢಣಢಣ ಅಂತೈತೆ, ಹೆದರಿದೀಯ!" ಎಂದು ಅಲ್ಲಿಂದಲೇ ಕೂಗುತ್ತಿದ್ದ. "ಚಕ್ರ ನೋಡಬ್ಯಾಡ, ಕಣ್ಣು ದೂರ ಇಡು. ಕುರಿ ಕಾಲು ನೋಡ್ಕಂಡು ನಡೆದೋನು ಹಳ್ಳಕ್ಕೆ ಬೀಳ್ತಾನೆ. ಹೋತ ಮೇಯೋವಾಗ ಹೆಂಗೆ ಬಾರಿಸ್ತೈತೋ ಹಂಗೆ ಬಾರಿಸ್ಬೇಕು."

"ನಾನೇನು ಹೋತಾನಾ ದೊಡ್ಡಪ್ಪ?"

"ಹೋತ ಆಗಿದ್ರೆ ಒಂದು ಸಲ ಹೇಳಿದ್ರೆ ತಿಳ್ಕಣದು."

ವಾಕಿಂಗಿಗೆ ಬಂದವರು, "ಯಜಮಾನ್ರು ಮಲಗಿದಾರಾ?" ಎಂದು ಕೇಳುತ್ತಿದ್ದರು. ಪಾಠ ಮಾಡ್ತಿದಾರೆ ಎನ್ನುತ್ತಿದ್ದೆ. ಕೆಲವು ದಿನ ಗೊರಕೆಯೂ ಕೇಳುತ್ತಿತ್ತು, ಅದನ್ನು ಪಾಠದ ಲೆಕ್ಕಕ್ಕೇ ಸೇರಿಸಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಆ ಗಂಟೆಯ ಸದ್ದು ಹದ ಮಾಡಲು ಹೋಗಿ ನನ್ನ ಕೈಯ ನಡುಕ ನಿಂತಿತು. ಚಿತ್ರದುರ್ಗಕ್ಕೆ ಹೋಗಿ ಎಂಟರ ಆಕಾರ ಸುತ್ತಿ ಲೈಸೆನ್ಸೂ ತಂದೆ. ಬಾಚಣಿಗೆ ಮತ್ತೆ ನನ್ನ ಕೈಗೆ ಬಂತು.

ಶಾಲೆ ಶುರುವಾಗಲು ಒಂದು ವಾರವಿದ್ದಾಗ ಕಾರ್ಟೂನಿನ ಮೂರನೇ ಭಾಗ ಮುಗಿಯಿತು. ಕತ್ತಲೆಯ ಪಡೆ ನುಗ್ಗಿ ಬರುತ್ತಿದೆ, ಹಡಗು ಹಾರುವವರೆಗೆ ಅದನ್ನು ತಡೆದು ನಿಲ್ಲಲು ಒಬ್ಬರು ಬೇಕು. ಹುಡುಗಿ ಹಡಗಿನಿಂದ ಕೈ ಚಾಚಿ ಹತ್ತಿ ಗುರುಗಳೇ ಎಂದು ಅಳುತ್ತಾಳೆ. ಗುರು ತಲೆಯಾಡಿಸಿ ನಕ್ಕು ಅಲ್ಲೇ ನಿಂತ. ಬಾಗಿಲು ಮುಚ್ಚಿತು, ಹಡಗು ಹಾರಿತು. ನನ್ನ ಮಗಳು ಹತ್ತು ನಿಮಿಷ ಅತ್ತು, ನಾಲ್ಕನೇ ಭಾಗದಲ್ಲಿ ಬಂದೇ ಬರ್ತಾರೆ ಎಂದು ಸಮಾಧಾನ ಮಾಡಿಕೊಂಡು ಎರಡು ಮುದ್ದೆ ತಿಂದಳು. ದೊಡ್ಡಪ್ಪ ತಟ್ಟೆ ಮುಟ್ಟಲಿಲ್ಲ.

"ಆ ಹುಡುಗಿಗೆ ಬುದ್ಧಿ ಇಲ್ಲ," ಎಂದು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. "ಮುದುಕ ಬ್ಯಾಡ ಅಂತಾನೆ. ಅಂದ್ರೆ ಬಿಟ್ಟು ಹೋಗೋದಾ? ರಟ್ಟೆ ಹಿಡಿದು ಹತ್ತಿಸ್ಕಂಡು ಹೋಗ್ಬೇಕಿತ್ತು."

"ಗುರು ಹತ್ತಬಾರ್ದು ಅಂದೋನು ನೀನೇ ಅಲ್ವಾ?" ಎಂದು ನಾನು ಚುಡಾಯಿಸಿದೆ. ಅವನು ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ಶಾಲೆಯ ಮೊದಲ ದಿನ ಮಗಳಿಗೆ ಜಡೆ ಹಾಕಿ, ದೊಡ್ಡಪ್ಪನ ಕಾಲಿಗೆ ನಮಸ್ಕಾರ ಮಾಡಿ, ಐದಕ್ಕೆಲ್ಲ ಬಂದುಬಿಡ್ತೀನಿ ಎಂದು ಹೊರಟೆ. ಮತ್ತೋಡು ದಾಟುವವರೆಗೆ ಎಲ್ಲ ಸುಸೂತ್ರ. ಮುಂದೆ ರಸ್ತೆಯ ಎಡಕ್ಕೆ ಒಂದು ಮಂದೆ ಮೇಯುತ್ತಿತ್ತು. ನಾನು ಹದವಾಗಿ, ಮೇಯುವ ಹೋತದ ಹಾಗೆ, ಗಂಟೆ ಬಾರಿಸಿಕೊಂಡು ಪಕ್ಕದಲ್ಲಿ ಹಾದೆ. ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಅದು ನಮ್ಮ ದೊಡ್ಡಪ್ಪನದೇ ಮಂದೆ! ವರ್ಷಗಟ್ಟಲೆ ಅದೇ ಗಂಟೆಯ ಹಿಂದೆ ನಡೆದ ಕುರಿಗಳು. ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಆದರೂ ಇದು ನನಗೂ ಹೊಳೆಯಲಿಲ್ಲ, ಆ ಮಹಾಗುರುವಿಗೂ ಹೊಳೆಯಲಿಲ್ಲ. ಅರವತ್ತು ಎಪ್ಪತ್ತು ಕುರಿ ಬ್ಯಾ ಎನ್ನುತ್ತಾ ನನ್ನ ಸ್ಕೂಟರಿನ ಹಿಂದೆ ಬಿದ್ದವು.

ದೊಡ್ಡಪ್ಪನ ಮಗ, ನನ್ನ ಅಣ್ಣ, ಕೋಲು ಹಿಡಿದು ಓಡಿ ಬಂದ. "ಏನವ್ವಾ, ಅಪ್ಪನ ಗಂಟೆ ಕಟ್ಕಂಡು ನನ್ನ ಕುರಿ ಹೊಡ್ಕಂಡು ಹೊಂಟಿದೀಯ?"

"ನಿಂತ್ರೆ ಸುತ್ತಲೂ ಮುತ್ಕಂಡು ಬೀಳಿಸ್ತಾವೆ ಕಣಣ್ಣ, ಏನಾದ್ರೂ ಮಾಡು!"

ಅವನಿಗೆ ನಗು ತಡೆಯಲಾಗದೆ ಏನೂ ಮಾಡಲಾಗಲಿಲ್ಲ. ಜೋರಾಗಿ ಹೋದರೆ ಕುರಿಗಳು ಬೆದರಿ ಲಾರಿಗೆ ಸಿಕ್ಕಾವು. ಕಾಲು ಊರದೆ, ಕುರಿಯ ನಡಿಗೆಯಲ್ಲೇ, ಕಣ್ಣು ದೂರ ಇಟ್ಟುಕೊಂಡು ಓಡಿಸಿದೆ. ಅಷ್ಟು ನಿಧಾನಕ್ಕೆ ಬೀಳದೆ ಓಡಿಸುವುದು ಎಂಟರ ಆಕಾರಕ್ಕಿಂತ ಕಷ್ಟ. ಶಾಲೆಯ ಗೇಟಿಗೆ ನಾನು ಮುಟ್ಟಿದಾಗ ಮುಖ್ಯ ಶಿಕ್ಷಕಿ ಹೊರಗೆ ನಿಂತಿದ್ದರು. ಹಿಂದಿನ ಮೆರವಣಿಗೆ ನೋಡಿ, "ಮಕ್ಕಳ ದಾಖಲಾತಿ ಹೆಚ್ಚಿಸ್ರಿ ಅಂತ ಹೇಳಿದ್ವಿ ಟೀಚರ್, ಇಷ್ಟೊಂದು ಕರ್ಕೊಂಡು ಬರ್ತೀರ ಅಂದ್ಕೊಂಡಿರಲಿಲ್ಲ," ಎಂದರು. ಮಕ್ಕಳು ಹೋ ಎಂದವು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಅಣ್ಣ ಮಂದೆ ತಿರುಗಿಸಿಕೊಂಡು ಹೋದ ತಕ್ಷಣ ಗಂಟೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಡಿಕ್ಕಿಗೆ ಹಾಕಿ ಬೀಗ ಜಡಿದೆ.

ಅಂದು ಸಂಜೆ ಮೀಟಿಂಗ್ ಮುಗಿಯುವ ಹೊತ್ತಿಗೆ ಐದೂವರೆ ದಾಟಿತ್ತು. ಹೊಸದುರ್ಗ ಇನ್ನೊಂದು ಮೈಲಿಯಿದೆ ಎನ್ನುವಾಗ ರಸ್ತೆ ಬದಿಯಲ್ಲಿ ಕಂಬಳಿ, ಕೋಲು, ಕುಂಟುವ ಕಾಲು ಕಾಣಿಸಿತು. ದೊಡ್ಡಪ್ಪ ನನಗೆ ಎದುರಾಗಿ ನಡೆದು ಬರುತ್ತಿದ್ದ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟಿದ್ದನಂತೆ. ಬೆಳಗ್ಗೆ ಮಾನ ಹೋದ ಸಿಟ್ಟೆಲ್ಲ ತೀರಿಸಿಕೊಳ್ಳಬೇಕೆಂದು ಅವನ ಮುಂದೆಯೇ, ನಾಲ್ಕು ಮಾರು ದೂರದಲ್ಲಿ, ಗಾಡಿ ನಿಲ್ಲಿಸಿದೆ.

ಅವನು ಮರ್ಯಾದೆಯಿಂದ ಪಕ್ಕಕ್ಕೆ ಸರಿದ. "ಹೋಗ್ರಿ, ಹೋಗ್ರಿ, ಜಾಗ ಐತೆ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನು ಹಣೆಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದ. "ದಾರೀಲಿ ಗಂಟೆ ಕಟ್ಟಿರೋ ಸ್ಕೂಟ್ರು ಏನಾದ್ರೂ ಕಂಡ್ರಾ ತಾಯಿ? ನಮ್ಮ ಹುಡುಗಿ ಬರ್ಬೇಕಿತ್ತು."

ಟೀವಿಯ ಮುಂದೆ ಒಂದೇ ಮೊಳ ದೂರದ ಮಣೆ. ಬೇವಿನ ಮರದ ಕೆಳಗೆ ಮುಚ್ಚಿದ ಕಣ್ಣು. ಆ ಮೈದಾನದಲ್ಲಿ ನಾನು ಅವನಿಗೆ ಒಂದು ದಿನವೂ ಕಂಡಿರಲಿಲ್ಲ. ಡಿಕ್ಕಿ ತೆರೆದೆ. ಗಂಟೆ ತೆಗೆದು ಅಲ್ಲಾಡಿಸಿದೆ.

"ಎಲ್ಲಿ ಹಾಕಿದ್ಯೇ ಇದನ್ನ?" ಎಂದು ರೇಗಿದ. "ಐದು ಗಂಟೆಯಿಂದ ಕಿವಿ ನೆಟ್ಕಂಡು ಕುಂತಿದೀನಿ!"

"ಕಣ್ಣು ಯಾವಾಗಿಂದ ಹಿಂಗಾಗೈತೆ ದೊಡ್ಡಪ್ಪ?"

"ಕಣ್ಣಿಗೇನಾಗೈತೆ? ತಲೆಗೆ ಗಡಿಗೆ ಹಾಕ್ಕಂಡು ನಿಂತ್ರೆ ಯಾರಿಗೆ ಗುರುತು ಸಿಗ್ತೈತೆ?" ಎಂದು ನನ್ನ ಹೆಲ್ಮೆಟ್ಟಿಗೆ ಬೈದ. ನಾನು ಹೆಲ್ಮೆಟ್ ತೆಗೆದು, ಹತ್ತಿರ ಹೋಗಿ ಗಂಟೆಯನ್ನು ಅವನ ಕೈಗಿಟ್ಟೆ. ಆಮೇಲೆ ತಗ್ಗಿದ ದನಿಯಲ್ಲಿ, "ಕಣ್ಣು ಕಾಣದೋನು ಕಲಿಸ್ತೀನಿ ಅಂದಿದ್ರೆ ನೀನು ಬರ್ತಿದ್ಯಾ? ಕೂಸು ತಾನೇ ಜಡೆ ಹಾಕ್ಕಣೋದು ಕಲೀತೀನಿ ಅಂದಿತ್ತಲ್ಲವ್ವ," ಎಂದ.

ಪೊರೆ ತೆಗೆಸಿದ್ದು ಮುಂದಿನ ತಿಂಗಳು. ಅಂದು ನಡುರಸ್ತೆಯಲ್ಲಿ ನನಗೆ ಹೇಳಲು ತಿಳಿದದ್ದು ಒಂದೇ. "ಹತ್ತು ದೊಡ್ಡಪ್ಪ, ಹೋಗಾಣ."

"ನಾನು ಹತ್ತಲ್ಲ. ನೀನು ನಡಿ, ಬರ್ತೀನಿ. ಗುರು ಆದೋನು..."

ರಟ್ಟೆ ಹಿಡಿದೆ. "ಹಿಡಿದು ಹತ್ತಿಸ್ಕಂಡು ಹೋಗ್ಬೇಕಿತ್ತು ಅಂತ ಉಣ್ಣದೆ ಮಲಗಿದ್ದೋನು ಯಾರು?"

ಎಪ್ಪತ್ತು ದಾಟಿದ ಆ ಮನುಷ್ಯ ಅಲ್ಲಿಯವರೆಗೆ ಯಾವ ಗಾಡಿಯ ಹಿಂದೆಯೂ ಕೂತವನಲ್ಲ. ಕೋಲು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದುಕೊಂಡು ಹತ್ತಿದ. "ಭಯ ಆಗ್ತೈತೆ ಕಣವ್ವ, ನಿಧಾನ," ಎಂದ. ಕುರಿಯ ನಡಿಗೆಯಲ್ಲೇ ಹೊರಟೆ. ನಮ್ಮ ಬೀದಿ ತಿರುಗುವಾಗ ನನ್ನ ಬೆನ್ನ ಹಿಂದೆ ಗಂಟೆ ಬಾರಿಸತೊಡಗಿತು. ಒಂದು ಕೈಯಲ್ಲಿ ನನ್ನನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅದನ್ನು ಅಲ್ಲಾಡಿಸುತ್ತಿದ್ದ.

"ಈಗ ಯಾಕೆ ದೊಡ್ಡಪ್ಪ?"

"ಕೂಸಿಗೆ ಗೊತ್ತಾಗ್ಲಿ," ಎಂದ, "ಅವ್ವ ಬಂದ್ಲು ಅಂತ."