ರಾಣಿ ಹುಲಿಯ ಮಗಳು

ನಮ್ಮ ಅವ್ವನಿಗೆ ಆ ಹೆಣ್ಣುಹುಲಿಯ ಮೇಲಿದ್ದ ಅಭಿಮಾನ ಹೆತ್ತ ಮಗಳ ಮೇಲೆ ಎಂದೂ ಇರಲಿಲ್ಲ. ಹುಲಿ ಚಂದ್ರಪುರದ ಕಡೆಯ ಕಾಡಿನದು. ಎಲ್ಲರೂ ಅದನ್ನು ರಾಣಿ ಎನ್ನುತ್ತಿದ್ದರು. ಮಲಾಡ್‌ನ ನಮ್ಮ ಬಿಲ್ಡಿಂಗಿನಲ್ಲಿ ಅದರ ವಿಡಿಯೋ ನೋಡದವರೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಅಣ್ಣ ಅವ್ವನಿಗಾಗಿ ಆ ಕಾಡಿಗೆ ಸಫಾರಿ ಬುಕ್ ಮಾಡಿದ. ಪವಾಯಿಯ ಗಂಡನ ಮನೆ ಬಿಟ್ಟು ಬಂದಿದ್ದ ನನ್ನನ್ನೂ ಕರೆದುಕೊಂಡು ಹೋದರು. ಗಂಡ ಹೊಡೆಯುತ್ತಿದ್ದ, ತೋಳಿನ ಕಲೆ ಇನ್ನೂ ಮಾಸಿರಲಿಲ್ಲ. ತಿರುಗಿ ಹೋಗುವುದಿಲ್ಲ, ಇಲ್ಲೇ ಇದ್ದು ಕೆಲಸ ಹುಡುಕುತ್ತೇನೆ ಎಂದು ಹೇಳಿದ್ದೆ. ಅವ್ವ ಹೂಂ ಎಂದಿರಲಿಲ್ಲ, ಉಹೂಂ ಎಂದಿರಲಿಲ್ಲ.

ಕೆರೆಯ ದಂಡೆಯಲ್ಲಿ ರಾಣಿ ಮಲಗಿದ್ದಳು. ಪೊದೆಯಿಂದ ಇನ್ನೊಂದು ಹುಲಿ ನೀರಿಗೆ ಬಂತು. ಇವಳದೇ ಮಗಳು, ಈಗ ಬೆಳೆದಿದ್ದಾಳೆ ಎಂದ ಗೈಡ್. ರಾಣಿ ಎದ್ದವಳೇ ಮಗಳ ಮೇಲೆ ಬಿದ್ದಳು. ಮಗಳು ಎದುರು ಬೀಳಲಿಲ್ಲ, ಅಂಗಾತ ಮಲಗಿಬಿಟ್ಟಳು. ಆದರೂ ರಾಣಿ ಬಿಡಲಿಲ್ಲ. ಕೊನೆಗೆ ಮಗಳು ಮುಂಗಾಲು ಎತ್ತಿಕೊಂಡು ಕುಂಟುತ್ತಾ, ನೀರು ಕುಡಿಯದೆ ಕಾಡು ಸೇರಿದಳು. ಜೀಪುಗಳಲ್ಲಿದ್ದ ಮಂದಿಗೆ ಹಬ್ಬವೋ ಹಬ್ಬ. ಅವ್ವ ಮಾತ್ರ ಹುಲಿಯನ್ನು ಬಿಟ್ಟು ನನ್ನ ಕಡೆ ನೋಡಿದಳು.

ಮನೆಗೆ ಮರಳಿದ ಮರುದಿನ ಮಧ್ಯಾಹ್ನ ಅವ್ವ ದೇವರ ಮುಂದೆ ಮಣೆ ಹಾಕಿ ನನ್ನನ್ನು ಕೂರಿಸಿದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ನಮ್ಮ ಧಾರವಾಡದ ಕಡೆ ತವರಿಗೆ ಬಂದ ಮಗಳಿಗೆ ಉಡಿ ತುಂಬಿದರೆಂದರೆ ಮುಗಿಯಿತು, ಅವಳು ಗಂಡನ ಮನೆಗೆ ಹೊರಡಲೇಬೇಕು. ಮಗಳನ್ನು ಹೊರಗೆ ಹಾಕಿದರು ಎಂದು ಯಾರೂ ಆಡಿಕೊಳ್ಳುವಂತಿಲ್ಲ. ಅಷ್ಟರಲ್ಲಿ ಹಾಲ್‌ನಲ್ಲಿ ಗಂಡನ ದನಿ ಕೇಳಿತು. ಅಣ್ಣನೇ ಫೋನ್ ಮಾಡಿ ಕರೆಸಿದ್ದ. ಇಬ್ಬರೂ ಚಹಾ ಕುಡಿಯುತ್ತಾ ರಾಣಿಯ ಫೋಟೋ ನೋಡುತ್ತಿದ್ದರು.

“ಹುಲೀನೂ ಬೆಳದ ಮಗಳನ್ನ ಇಟಗೊಳ್ಳೂದಿಲ್ಲ. ನೀನೇ ಕಣ್ಣಾರೆ ನೋಡೀದಿ,” ಎಂದಳು ಅವ್ವ.

“ಅದು ತಾನೇ ಕಚ್ಚಿತು. ಹೊಡ್ಯಾವನ ಕೈಯಾಗ ಕೊಡಲಿಲ್ಲವ್ವ,” ಎಂದೆ.

ಅವ್ವ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ದುಪಟ್ಟಾ ಒಡ್ಡು ಎಂದಳು. ಒಡ್ಡಿದೆ. ಬೊಗಸೆ ಬೊಗಸೆ ಅಕ್ಕಿ ಸುರಿದು, ಕೊಬ್ಬರಿಯಿಟ್ಟು, ಗಂಟನ್ನು ತಾನೇ ಬಿಗಿದಳು. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: “ಅಳಕೋತ ಹೋಗಬ್ಯಾಡ. ಲಿಫ್ಟಿನ್ಯಾಗ ಮಂದಿ ಇರ್ತಾರ.”

ಲಿಫ್ಟಿನಲ್ಲಿ ನಾನು, ನನ್ನ ಗಂಡ, ಇಬ್ಬರೇ ಇದ್ದೆವು.